ಎಂಟು ಮನೆಯ ಹಾಳೆ

ಕೊಲೆಟ್ ಡೇಗಲ್ ಕಣ್ಣು ತೆರೆದುಕೊಂಡೇ ಕನಸು ಕಾಣುವ ಜಾತಿಗೆ ಸೇರಿದವಳು. ಅವಳನ್ನು ನಂಬಿ ಒಲೆಯ ಮೇಲೆ ಹಾಲಿಟ್ಟು ಹೋದವರಿಗೆ ಮರಳಿ ಬಂದಾಗ ಒಲೆ ತೊಳೆಯುವ ಕೆಲಸ ಕಾದಿರುತ್ತಿತ್ತು. ಹಿತ್ತಲ ಬಾಗಿಲಲ್ಲಿ ನಿಂತು ಸೇಂಟ್ ಜಾನ್ ನದಿಯನ್ನು ನೋಡತೊಡಗಿದಳೋ, ಮುಗಿಯಿತು. ನದಿಯ ಆಚೆ ದಡ ಕೆನಡಾ, ಈಚೆ ದಡ ನಮ್ಮ ಮೇನ್ ರಾಜ್ಯ. ಬೆಳಗಿನ ಮಂಜು ಮಾತ್ರ ಎರಡೂ ದೇಶಕ್ಕೆ ಸೇರಿದ್ದು. ಆ ಮಂಜಿನಲ್ಲಿ ಅವಳಿಗೆ ಏನೇನು ಕಾಣುತ್ತಿತ್ತೋ ದೇವರೇ ಬಲ್ಲ. ಕೇಳಿದರೆ "ಏನಿಲ್ಲ" ಅನ್ನುತ್ತಿದ್ದಳು. ಆ "ಏನಿಲ್ಲ"ದ ಒಳಗೆ ಒಂದು ಬಿಳಿ ಕೋಟು, ಮೇಲೆ ಕೆಳಗೆ ಆಗುವ ಒಂದು ಕುರ್ಚಿ, ಕುರ್ಚಿಯಲ್ಲಿ ಬಾಯಿ ತೆರೆದು ಕೂತ ಅವಳ ಅಜ್ಜಿ, ಇಷ್ಟೂ ಇದ್ದವು. ಬಹಳ ದಿನ ಅದು ಯಾರಿಗೂ ತಿಳಿಯಲಿಲ್ಲ.

ಅಜ್ಜಿಯನ್ನು ನಮ್ಮ ಕಣಿವೆಯ ಎಲ್ಲ ಮಕ್ಕಳ ಹಾಗೆ ಅವಳೂ ಮೆಮೇರ್ ಎಂದೇ ಕರೆಯುತ್ತಿದ್ದಳು. ಹೆಸರು ಆಲ್ಬೆರ್ಟೀನ್. ಕೊಲೆಟ್ ಕಾಲೇಜು ಸೇರುವ ಹೊತ್ತಿಗೆ ಅರುವತ್ತನಾಲ್ಕು ವರ್ಷ, ಆಳು ಗಿಡ್ಡ, ನಾಲಿಗೆ ಉದ್ದ. ಬಾಯಲ್ಲಿ ಸ್ವಂತದ್ದೆನ್ನುವ ಹಲ್ಲು ಒಂದೂ ಇರಲಿಲ್ಲ. ಹದಿನೆಂಟನೆಯ ವಯಸ್ಸಿಗೆ, ಮದುವೆಗೆ ಕೆಲವು ತಿಂಗಳ ಮುಂಚೆ, ಅವಳ ಅಪ್ಪ ಅವಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದು ಅಷ್ಟನ್ನೂ ಕೀಳಿಸಿ, ಕಟ್ಟುಹಲ್ಲಿನ ಹೊಸ ಸೆಟ್ಟು ಕಟ್ಟಿಸಿಕೊಟ್ಟಿದ್ದರು. ಅದೇ ಮದುವೆಯ ಉಡುಗೊರೆ. ಆ ಕಾಲದಲ್ಲಿ ನಮ್ಮ ಕಡೆ ಮರ್ಯಾದಸ್ಥರು ಹಾಗೆ ಮಾಡುತ್ತಿದ್ದರು. ಹಲ್ಲುನೋವಿನ ಹೆಂಡತಿಯನ್ನು ಅಳಿಯನ ತಲೆಗೆ ಕಟ್ಟಬಾರದು, ಮುಂದಿನ ತಾಪತ್ರಯವನ್ನು ಮೊದಲೇ ಕಿತ್ತುಹಾಕಿ ಕಳಿಸಬೇಕು ಎಂಬ ಲೆಕ್ಕಾಚಾರ. ಇಂದು ಕೇಳಿದವರು ಹೌಹಾರುತ್ತಾರೆ. ಅಂದು ಕೇಳಿದವರು "ಪುಣ್ಯವಂತೆ" ಎಂದಿದ್ದರು. ಹೇಗೂ ಹುಳುಕು ಹಲ್ಲುಗಳೇ ಇದ್ದಿರಬೇಕು, ಹೋದದ್ದೇ ಒಳ್ಳೆಯದಾಯಿತು ಎಂದು ಮನೆಯವರೆಲ್ಲ ನಂಬಿದ್ದರು.

ಸೆಟ್ಟು ನಾಲ್ಕು ಸಲ ಬದಲಾಯಿತು. ವರ್ಷ ಕಳೆದಂತೆ ಒಸಡಿನ ಕೆಳಗಿನ ಮೂಳೆ ಸವೆದು ಸವೆದು, ಕೆಳಗಿನದು ಬಾಯಲ್ಲಿ ನಿಲ್ಲುವುದನ್ನೇ ಬಿಟ್ಟಿತು. ಇಗರ್ಜಿಗೆ, ಮದುವೆಗೆ, ಸಾವಿಗೆ ಹಾಕಿಕೊಳ್ಳುವುದು. ಊಟಕ್ಕೆ ಕೂತಾಗ ತೆಗೆದು ಏಪ್ರನ್ನಿನ ಜೇಬಿಗೆ ಇಳಿಬಿಡುವುದು. ತಿನ್ನುವುದೊಂದು ಬಿಟ್ಟು ಮಿಕ್ಕೆಲ್ಲಕ್ಕೂ ಆಗುವ ಹಲ್ಲು! ಒಂದೇ ಮಗ್ಗುಲು ಬೇಯಿಸಿದ, ಮೈಯೆಲ್ಲ ಕಣ್ಣಿನ ಪ್ಲೋಯ್ ದೋಸೆಯನ್ನು ಚಹಾದಲ್ಲಿ ನೆನೆಸಿ, ಒಸಡಿನಲ್ಲೇ ಒತ್ತಿ ನುಂಗುವ ಮೆಮೇರಳನ್ನು ಎದುರಿಗೆ ಕೂತು ನೋಡುತ್ತ ಕೊಲೆಟ್ ಬೆಳೆದಳು. ಒಂಬತ್ತನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ, "ದೊಡ್ಡೋಳಾದ್ಮೇಲೆ ನಾನೇ ನಿಂಗೆ ಹಲ್ಲು ಮಾಡ್ಕೊಡ್ತೀನಿ ಮೆಮೇರ್. ಅಗಿಯೋ ಹಲ್ಲು," ಅಂದಳು.

"ಮಾಡ್ಕೊಡು ಮಗಳೇ. ನಾನು ಸಾಯೋದ್ರೊಳಗೆ ಮಾಡ್ಕೊಡು," ಅಂದಳು ಮೆಮೇರ್. "ಪೆಟ್ಟಿಗೆಯೊಳಗೆ ಮಲಗಿದ್ಮೇಲೆ ಅಗಿಯೋಕೆ ಏನೂ ಇರಲ್ಲ."

ಮುದುಕಿ ತಮಾಷೆಗೆ ಅಂದದ್ದು. ಹುಡುಗಿ ಹಾಗೆ ತೆಗೆದುಕೊಳ್ಳಲಿಲ್ಲ.

ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಕೊಲೆಟ್ ಐವತ್ತು ಮೈಲಿ ದೂರದ ಒಂದು ಸಣ್ಣ ಕಾಲೇಜಿಗೆ ಸೇರಿದಳು. ಆ ಮನೆಯಲ್ಲಿ ಅದುವರೆಗೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಅಪ್ಪ ಗಿಲ್ಮನ್ ಮರದ ದಿಮ್ಮಿಯ ಲಾರಿ ಓಡಿಸುತ್ತಿದ್ದ, ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದಳು. ಹಾಗಾಗಿ ದಾರಿ ಹೇಳುವವರಿಲ್ಲದೆ ಹುಡುಗಿ ತನ್ನ ದಾರಿಯನ್ನು ತಾನೇ ಬರೆದುಕೊಂಡಳು. ಬಿತ್ತನೆ ಆಲೂಗಡ್ಡೆಯ ಚೀಲದ ಕಂದು ಕಾಗದವನ್ನು ಬಿಡಿಸಿ, ಅಡುಗೆಮನೆಯ ಮೇಜಿನ ಮೇಲೆ ಹರಡಿ, ಸ್ಕೇಲು ಹಿಡಿದು ಎಂಟು ಮನೆ ಎಳೆದಳು. ನಾಲ್ಕು ವರ್ಷಕ್ಕೆ ಎಂಟು ಸೆಮಿಸ್ಟರು, ಸೆಮಿಸ್ಟರಿಗೊಂದು ಮನೆ. ದಂತ ಕಾಲೇಜಿನವರು ಕೇಳುವ ವಿಜ್ಞಾನವನ್ನೆಲ್ಲ ಆ ಮನೆಗಳಲ್ಲಿ ಕೂರಿಸಬೇಕು: ಜೀವಶಾಸ್ತ್ರ ಒಂದು ವರ್ಷ, ಭೌತಶಾಸ್ತ್ರ ಒಂದು ವರ್ಷ, ಸಾಮಾನ್ಯ ಕೆಮಿಸ್ಟ್ರಿ ಒಂದು ವರ್ಷ, ಅದು ಮುಗಿದ ಮೇಲೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಒಂದು ವರ್ಷ, ಎಲ್ಲಕ್ಕೂ ಪ್ರಯೋಗಶಾಲೆ. ಮೂರನೆಯ ವರ್ಷದ ಕೊನೆಗೆ ಪ್ರವೇಶ ಪರೀಕ್ಷೆ, ಅರ್ಜಿ. ಅದಾದ ಮೇಲೆ ದಂತ ಕಾಲೇಜಿನದೇ ನಾಲ್ಕು ವರ್ಷ.

"ಇದೇನೇ, ಮನೆ ಬರ್ದಿದೀಯ, ಕಾಯಿ ಎಲ್ಲಿ?" ಎಂದಳು ಮೆಮೇರ್.

"ನಾನೇ ಕಾಯಿ," ಅಂದಳು ಕೊಲೆಟ್. "ನೋಡು ಮೆಮೇರ್, ಇಲ್ಲಿಂದ ಹೊರಡೋದು. ಈ ಮೊದ್ಲೆರಡು ಮನೇಲಿ ಸಾಮಾನ್ಯ ಕೆಮಿಸ್ಟ್ರಿ ಮುಗೀಲೇಬೇಕು. ಯಾಕೆ ಗೊತ್ತಾ? ಆರ್ಗ್ಯಾನಿಕ್ ಅನ್ನೋದು ನಮ್ಮ ಕಾಲೇಜಲ್ಲಿ ವರ್ಷ ಬಿಟ್ಟು ವರ್ಷ ಬರೋದು. ಕಲಿಸೋರು ಒಬ್ರೇ ಮೇಷ್ಟ್ರು. ತೊಂಬತ್ತೈದಕ್ಕೆ ಬರುತ್ತೆ, ತಪ್ಪಿದ್ರೆ ತೊಂಬತ್ತೇಳಕ್ಕೆ."

"ವರ್ಷ ಬಿಟ್ಟು ವರ್ಷ ಫಲ ಬಿಡೋದು ಸೇಬಿನ ಮರ ಅಂತ ತಿಳ್ಕೊಂಡಿದ್ದೆ. ಪಾಠಾನೂ ಹಾಗೇನಾ?" ಎಂದು ಮುದುಕಿ ಬೆರಳಿನಲ್ಲೇ ಮನೆಗಳನ್ನು ಎಣಿಸಿದಳು. "ನನ್ನ ಹಲ್ಲು ಎಷ್ಟನೇ ಮನೇಲಿದೆ?"

"ಅದು ಈ ಹಾಳೇಲಿಲ್ಲ. ಇದಾದ್ಮೇಲೆ ಇನ್ನೊಂದು ಹಾಳೆ."

ಮೆಮೇರ್ ಮೇಜಿನ ಅಂಚನ್ನೂ ಕಿಟಕಿಯ ಹೊರಗಿನ ನದಿಯನ್ನೂ ನೋಡಿ, ಏಪ್ರನ್ನಿನ ಜೇಬು ತಟ್ಟಿಕೊಂಡಳು. ಕೊಲೆಟ್ ಪ್ರತಿ ಮನೆಗೂ ಒಂದೊಂದು ಬಣ್ಣ ಹಚ್ಚಿದಳು. ಜೀವಶಾಸ್ತ್ರಕ್ಕೆ ಹಸಿರು, ಭೌತಶಾಸ್ತ್ರಕ್ಕೆ ಬೂದು, ಕೆಮಿಸ್ಟ್ರಿಗೆ ನೀಲಿ. ಅಷ್ಟು ಚೆಂದದ ಯೋಜನೆಯನ್ನು ನಾನು ಇನ್ನೊಂದು ಕಂಡಿಲ್ಲ. ಅದರಲ್ಲಿ ಒಂದು ತಪ್ಪಿತ್ತು. ನಮ್ಮ ಕಣಿವೆಯವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು.

ನಮ್ಮಲ್ಲಿ ಸೆಪ್ಟೆಂಬರಿನ ಮಧ್ಯಕ್ಕೆ ಶಾಲೆ ಮುಚ್ಚುತ್ತದೆ. ಆಲೂಗಡ್ಡೆಯ ಕೊಯ್ಲು. ಮೂರು ವಾರ ಊರಿನ ಮಕ್ಕಳೆಲ್ಲ ಹೊಲದಲ್ಲಿ. ಅದಕ್ಕಾಗಿಯೇ ಆಗಸ್ಟಿನಲ್ಲೇ ಶಾಲೆ ಶುರುವಾಗಿರುತ್ತದೆ. ಇದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಸೂರ್ಯ ಹುಟ್ಟುತ್ತಾನೆಂದು ಡಂಗುರ ಸಾರುತ್ತಾರೆಯೇ? ಕೊಲೆಟ್ ಮೂರು ವಾರ ಕಾಲೇಜಿಗೆ ಹೋದಳು. ಸೆಪ್ಟೆಂಬರಿನ ಹದಿನಾರು, ಶುಕ್ರವಾರ, ಪುಸ್ತಕ ಕಟ್ಟಿಟ್ಟು ಊರಿಗೆ ಹೊರಟಳು. ಅವಳು ಉಳಿದುಕೊಂಡಿದ್ದು ಅಪ್ಪನ ಚಿಕ್ಕಮ್ಮನ ಮನೆಯಲ್ಲಿ. ಅವರೂ ಮನೆಗೆ ಬೀಗ ಹಾಕಿ ಹೊಲಕ್ಕೆ ಇಳಿದಿದ್ದರು. ಕಾಲೇಜಿಗೂ ಕೊಯ್ಲಿಗೂ ಸಂಬಂಧವಿಲ್ಲ ಎಂಬುದು ಆ ಎರಡು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆ ಮೂರು ವಾರದಷ್ಟು ಸುಖವನ್ನು ಕೊಲೆಟ್ ಅದಕ್ಕೆ ಮೊದಲು ಅನುಭವಿಸಿರಲಿಲ್ಲ. ಬೆಳಗಿನ ಜಾವದ ಮಂಜು ಸಾಲುಗಳ ಮೇಲೆ ಮೊಣಕಾಲೆತ್ತರ ನಿಂತಿರುತ್ತಿತ್ತು. ಯಂತ್ರ ಅಗೆದು ಹಾಕಿದ ಮಣ್ಣಿನಿಂದ ಆಲೂಗಡ್ಡೆಯನ್ನು ಬುಟ್ಟಿಗೆ, ಬುಟ್ಟಿಯಿಂದ ಪೀಪಾಯಿಗೆ ತುಂಬುತ್ತ ಅವಳು ತನ್ನ ಎಂಟು ಮನೆಗಳಲ್ಲಿ ಓಡಾಡುತ್ತಿದ್ದಳು. ಮೂರನೆಯ ಮನೆಗೆ ಬಂದೆ, ಆರ್ಗ್ಯಾನಿಕ್ ಶುರುವಾಯಿತು. ಆರನೆಯ ಮನೆ, ಪರೀಕ್ಷೆ ಬರೆದೆ. ಕೈಗೆ ಸಿಕ್ಕ ಗಂಟುಗಂಟಾದ ಗಡ್ಡೆಯೊಂದು ದವಡೆ ಹಲ್ಲಿನ ಹಾಗೆ ಕಂಡರೆ ಅದನ್ನು ಉಜ್ಜಿ, ತಿರುಗಿಸಿ ನೋಡಿ, ಯಾವ ಬಾಯಿಗೆ ಸರಿಹೋದೀತು ಎಂದು ಯೋಚಿಸುತ್ತ ನಿಂತುಬಿಡುತ್ತಿದ್ದಳು. "ಏಯ್ ಡೇಗಲ್, ಅದು ಮೊಟ್ಟೆ ಇಡಲ್ಲ, ಬುಟ್ಟಿಗೆ ಹಾಕು!" ಎಂದು ಪಕ್ಕದ ಸಾಲಿನವರು ಕೂಗುತ್ತಿದ್ದರು. ನದಿಯ ಮೇಲಿಂದ ಬಾತುಗಳು ದಕ್ಷಿಣಕ್ಕೆ ಸಾಲುಗಟ್ಟಿ ಹೋಗುತ್ತಿದ್ದವು. ಅವಳಿಗೆ ಎಲ್ಲವೂ ಹೊರಟ ದಾರಿಯಲ್ಲಿ ನೆಟ್ಟಗೆ ಹೋಗುತ್ತಿರುವಂತೆ ಅನ್ನಿಸುತ್ತಿತ್ತು.

ಅಕ್ಟೋಬರಿನ ಎರಡನೆಯ ವಾರ ಅವಳು ಕೆಮಿಸ್ಟ್ರಿ ತರಗತಿಗೆ ಹೋಗಿ ತನ್ನ ಮೂರನೆಯ ಸಾಲಿನಲ್ಲಿ ಕೂತಳು. ಪಾಠ ಮುಗಿದ ಮೇಲೆ ಹ್ಯಾಸ್ಕೆಲ್ ಮೇಷ್ಟ್ರು ಬೆರಳು ಮಾಡಿ ಕರೆದರು. ಕೆಮಿಸ್ಟ್ರಿ, ಆರ್ಗ್ಯಾನಿಕ್ ಎರಡೂ ಕಲಿಸುವವರು ಅವರೇ, ದಂತವೈದ್ಯಕ್ಕೆ ಹೋಗಬೇಕೆನ್ನುವ ಮಕ್ಕಳಿಗೆ ಸಲಹೆ ಕೊಡುವವರೂ ಅವರೇ. ದಕ್ಷಿಣದ ಸಮುದ್ರದ ಕಡೆಯವರು, ಮಾತು ಮಿತ, ಸದಾ ಇಸ್ತ್ರಿ ಮಾಡಿದ ಅಂಗಿ.

"ಮೂರು ವಾರ ಎಲ್ಲಿದ್ಯಮ್ಮ? ಹುಷಾರಿರ್ಲಿಲ್ವಾ?"

"ಚೆನ್ನಾಗಿದ್ದೆ ಸರ್. ಆಲೂಗಡ್ಡೆ ಆಯ್ತಿದ್ದೆ. ಕೊಯ್ಲು ರಜೆ ಅಲ್ವಾ."

ಮೇಷ್ಟ್ರು ಕನ್ನಡಕ ತೆಗೆದರು. "ಯಾವ ರಜೆ?"

ಆ ಎರಡು ಮಾತು ಕೇಳಿದ್ದೇ ಕೊಲೆಟ್‌ಗೆ ತನ್ನ ತಪ್ಪು ಹೊಳೆಯಿತು. ಅವಳ ಕಿವಿ ಕೆಂಪಾಯಿತು. ಉಳಿದದ್ದನ್ನು ಮೇಷ್ಟ್ರು ಮೆಲ್ಲಗೇ ಹೇಳಿದರು. ಒಂದು ಪರೀಕ್ಷೆ ಆಗಿಹೋಗಿದೆ. ಪ್ರಯೋಗಶಾಲೆ ಮೂರು ತಪ್ಪಿದೆ; ಎರಡು ತಪ್ಪಿದರೇ ಹೆಸರು ತೆಗೆಯಬೇಕೆಂಬುದು ನಿಯಮ. "ಆ ರಜೆ ಹೈಸ್ಕೂಲಿನೋರಿಗೆ ಕಣಮ್ಮ. ಇಲ್ಲಿ ಯಾರೂ ಮನೆಗೆ ಫೋನ್ ಮಾಡಿ ಕರೆಯಲ್ಲ." ಅವಳು ಕಂದು ಹಾಳೆಯನ್ನು ಚೀಲದಿಂದ ತೆಗೆದು ಅವರ ಮುಂದೆ ಬಿಡಿಸಿದಳು. ಅವರು ಬಹಳ ಹೊತ್ತು ಅದನ್ನು ನೋಡಿದರು. ಬಣ್ಣಗಳನ್ನು ನೋಡಿ ಅವರಿಗೂ ಕೆಡುಕೆನಿಸಿರಬೇಕು. ಆಮೇಲೆ ಪೆನ್ಸಿಲಿನ ಹಿಂಬದಿಯಿಂದ ಒಂದೊಂದೇ ಮನೆ ಮುಟ್ಟಿ ತೋರಿಸಿದರು. ಈ ವರ್ಷ ಕೆಮಿಸ್ಟ್ರಿ ಹೋಯಿತು. ಮುಂದಿನ ವರ್ಷ ಅದನ್ನು ಓದುವಾಗ ಆರ್ಗ್ಯಾನಿಕ್ ಪಕ್ಕದ ಕೋಣೆಯಲ್ಲಿ ನಡೆದುಹೋಗುತ್ತದೆ. ಮತ್ತೆ ಬರುವುದು ನಾಲ್ಕನೆಯ ವರ್ಷಕ್ಕೆ. ಅರ್ಜಿ ಹಾಕುವುದು ಅದಾದ ಮೇಲೆ.

"ಒಂದು ವರ್ಷ ಹೋದ ಹಾಗೆ. ಅದೂ ಎಲ್ಲ ಸರಿಹೋದ್ರೆ," ಅಂದರು. "ಶುರುವಿನಲ್ಲೇ ಹೀಗಾದೋರು ಕೊನೆ ಮುಟ್ಟಿದ್ದು ನಾನು ನೋಡಿಲ್ಲ. ಹಲ್ಲು ಶುಚಿ ಮಾಡೋರ ಕೋರ್ಸ್ ಇದೆ, ಎರಡೇ ವರ್ಷ. ಗೌರವದ ಕೆಲಸ. ಯೋಚನೆ ಮಾಡು."

ಮನೆಯಲ್ಲಿ ಈ ಮಾತಿಗೆ ಬೆಲ್ಲ ಹಂಚುವುದೊಂದು ಬಾಕಿ. "ಎರಡೇ ವರ್ಷಕ್ಕೆ ಬಿಳಿ ಕೋಟು ಸಿಗುತ್ತಲ್ಲ ಮಗಳೇ," ಎಂದ ಗಿಲ್ಮನ್. "ಯಾರು ಹಾಕಿದ್ರೂ ಕೋಟು ಕೋಟೇ. ಎಂಟು ವರ್ಷ ಓದಿ ಕಣ್ಣು ಹಾಳ್ಮಾಡ್ಕೊಳೋದು ಯಾಕೆ?" ಅಮ್ಮನೂ ತಲೆಯಾಡಿಸಿದಳು. ಹಲ್ಲು ಶುಚಿ ಮಾಡುವುದು ಒಳ್ಳೆಯ ಕೆಲಸವೇ, ನಾನೂ ಅಲ್ಲಗಳೆಯುವುದಿಲ್ಲ. ಆದರೆ ಒಂದೂ ಹಲ್ಲಿಲ್ಲದ ಬಾಯಿಯಲ್ಲಿ ಅವರು ಶುಚಿ ಮಾಡುವುದೇನನ್ನು? ಈ ಪ್ರಶ್ನೆ ಕೊಲೆಟ್‌ಳ ನಾಲಿಗೆಯ ತುದಿಗೆ ಬಂದು ಬಂದು ಹಿಂದಿರುಗಿತು. ಅವಳ ಬಳಿ ಇನ್ನೊಂದು ಗುಟ್ಟೂ ಇತ್ತು. ಗ್ರಂಥಾಲಯದಲ್ಲಿ ಅವಳಿಗೆ ರಾಜ್ಯದ ದೊಡ್ಡ ವಿಶ್ವವಿದ್ಯಾಲಯದ ಬೇಸಿಗೆ ಪಟ್ಟಿ ಸಿಕ್ಕಿತ್ತು: ಹತ್ತು ವಾರದಲ್ಲಿ ಒಂದು ವರ್ಷದ ಕೆಮಿಸ್ಟ್ರಿ. ಅದನ್ನು ಮುಗಿಸಿಕೊಂಡು ಬಂದರೆ ತೊಂಬತ್ತೈದರ ಆರ್ಗ್ಯಾನಿಕ್‌ಗೆ ಸರಿಯಾಗಿ ಹಾಜರಾಗಬಹುದು. ಅದಕ್ಕೆ ಮೇಷ್ಟ್ರ ಸಹಿ ಬೇಕು. ಆ ಪುಟದ ನಕಲನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿನಲ್ಲಿಟ್ಟುಕೊಂಡು, ಬಾಯಿ ಬಿಡದೆ, ಅದರ ಸುತ್ತ ಕನಸು ಹೆಣೆಯುತ್ತ ತಿಂಗಳು ಕಳೆದಳು. ಕನಸುಗಾರರ ಕಷ್ಟವೇ ಇದು. ಒಳಗೆ ಎಲ್ಲ ನಡೆದುಹೋಗಿರುತ್ತದೆ, ಹೊರಗೆ ಒಂದು ಹೆಜ್ಜೆಯೂ ಇಟ್ಟಿರುವುದಿಲ್ಲ.

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ, ಗಂಡಸರೆಲ್ಲ ಜಿಂಕೆ ಬೇಟೆಗೆ ಹೋಗಿದ್ದಾಗ, ಅಡುಗೆಮನೆಯಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ ಇದ್ದರು. ಹೊರಗೆ ಮೊದಲ ಹಿಮ, ಸದ್ದಿಲ್ಲದೆ. ಮೆಮೇರ್ ಕಾವಲಿಯ ಮೇಲೆ ಪ್ಲೋಯ್ ಹುಯ್ಯುತ್ತಿದ್ದಳು.

"ಆ ಎರಡು ವರ್ಷದ ಕೋರ್ಸಿಗೇ ಹೋಗ್ತೀನಿ ಮೆಮೇರ್," ಅಂದಳು ಕೊಲೆಟ್. "ಎಲ್ಲರೂ ಅದೇ ಒಳ್ಳೇದು ಅಂತಾರೆ. ಮುಂದೆ ತಾಪತ್ರಯ ಇರಲ್ಲ."

ಮುದುಕಿಯ ಕೈಯಲ್ಲಿದ್ದ ಸೌಟು ನಿಂತಿತು. ಅವಳು ತಿರುಗಲಿಲ್ಲ.

"ಇಪ್ಪತ್ತೆಂಟಿದ್ವು," ಎಂದಳು.

"ಏನು?"

"ನನ್ನ ಹಲ್ಲು. ಇಪ್ಪತ್ತೆಂಟು. ಒಂದಕ್ಕೂ ತೂತು ಬಿದ್ದಿರ್ಲಿಲ್ಲ. ಚಿಪ್ಪಿನ ಗಟ್ಟಿ ಬೀಜಾನೂ ಕಟಂ ಅಂತ ಒಡೀತಿದ್ದೆ."

"ಹುಳುಕಾಗಿದ್ವು ಅಂತ..."

"ಯಾರು ಹೇಳಿದ್ದು? ನೀವ್ನೀವೇ ಅಂದ್ಕೊಂಡ್ರಿ, ನಾನು ಸುಮ್ನಿದ್ದೆ. ಆ ಡಾಕ್ಟರು ಒಳ್ಳೇ ಮನುಷ್ಯ. ಬಾಯಿ ನೋಡ್ದ, ದಂಗಾದ. 'ಇಂಥ ಹಲ್ಲು ಕೀಳ್ಬೇಕಾ?' ಅಂತ ಕೇಳ್ದ. ಅಪ್ಪನ್ನ ಕೇಳ್ದ ಕಣೇ. ಕುರ್ಚಿ ಮೇಲೆ ಕೂತಿದ್ದೋಳು ನಾನು, ಬಾಯಿ ತೆರ್ಕೊಂಡಿದ್ದೋಳು ನಾನು, ನನ್ನ ಕೇಳ್ಲಿಲ್ಲ."

"ನೀನಾದ್ರೂ ಬೇಡ ಅನ್ಬಾರ್ದಿತ್ತಾ ಮೆಮೇರ್?"

"ಎಲ್ಲರೂ ಅದೇ ಒಳ್ಳೇದು ಅಂತಿದ್ರು. ಮುಂದೆ ತಾಪತ್ರಯ ಇರಲ್ಲ ಅಂತಿದ್ರು." ಈಗ ಅವಳು ತಿರುಗಿದಳು. ಸೆಟ್ಟಿಲ್ಲದ ಅವಳ ಕೆನ್ನೆಗಳು ಒಳಗೆ ಹೋಗಿದ್ದವು, ಕಣ್ಣು ಮಾತ್ರ ನಿಗಿನಿಗಿ ಉರಿಯುತ್ತಿತ್ತು. "ಈಗ ನೀನಂದೆಯಲ್ಲ, ಅದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮುಂದೆ ನೋವಾದೀತು ಅಂತ ಗಟ್ಟಿ ಹಲ್ಲು ಕೀಳಿಸ್ಕೊಂಡೋಳು ನಿನ್ ಮುಂದೆ ನಿಂತಿದೀನಿ, ನೋಡ್ಕೋ. ನಲವತ್ತಾರು ವರ್ಷದಿಂದ ಚಹಾದಲ್ಲಿ ಅದ್ದಿ ತಿಂತಿದೀನಿ."

ಕಾವಲಿಯ ಮೇಲಿನ ಪ್ಲೋಯ್ ಕರಕಲಾಗಿ ಹೊಗೆಯೆದ್ದಿತು. ಈ ಸಲ ಮಾತ್ರ ತಪ್ಪು ಕೊಲೆಟ್‌ಳದಲ್ಲ. ಅವಳು ಅಜ್ಜಿಯನ್ನು ತಬ್ಬಿಕೊಂಡು ಅತ್ತಳು. ನಾಚಿಕೆಗೆ ಅತ್ತಳು, ಯಾವಾಗಲೋ ಸತ್ತುಹೋದ ಮುತ್ತಜ್ಜನ ಮೇಲಿನ ಸಿಟ್ಟಿಗೆ ಅತ್ತಳು. ಆಮೇಲೆ ಕೋಟಿನ ಒಳಜೇಬಿನಿಂದ ನಾಲ್ಕು ಮಡಿಕೆಯ ಪುಟ ತೆಗೆದು ಮೇಜಿನ ಮೇಲಿಟ್ಟಳು.

ಸೋಮವಾರ ಮಧ್ಯಾಹ್ನ ಹ್ಯಾಸ್ಕೆಲ್ ಮೇಷ್ಟ್ರ ಕೋಣೆಗೆ ಇಬ್ಬರು ಬಂದರು. ಮೆಮೇರ್ ಇಗರ್ಜಿಯ ಕೋಟು, ಇಗರ್ಜಿಯ ಟೋಪಿ, ಇಗರ್ಜಿಯ ಹಲ್ಲು, ಮೂರನ್ನೂ ಧರಿಸಿದ್ದಳು. ಅವಳಿಗೆ ಬರುವುದು ನಮ್ಮ ಕಣಿವೆಯ ಫ್ರೆಂಚು. ಇಂಗ್ಲಿಷು ಕೇಳಿದರೆ ತಿಳಿಯುತ್ತದೆ, ಆಡಲು ಮನಸ್ಸಿಲ್ಲ. ಹಾಗಾಗಿ ತನ್ನ ಪರವಾದ ವಕಾಲತ್ತನ್ನು ಕೊಲೆಟ್ ತಾನೇ ತರ್ಜುಮೆ ಮಾಡಬೇಕಾಯಿತು.

ಮೇಷ್ಟ್ರು ಬೇಸಿಗೆಯ ಪುಟ ಓದಿ ಕೆಳಗಿಟ್ಟರು. "ಹತ್ತು ವಾರ. ದಿನಾ ಬೆಳಿಗ್ಗೆ ಪಾಠ, ಮಧ್ಯಾಹ್ನ ಪ್ರಯೋಗ. ಒಳ್ಳೊಳ್ಳೇ ವಿದ್ಯಾರ್ಥಿಗಳೇ ಅರ್ಧದಲ್ಲಿ ಬಿಟ್ಟು ಬರ್ತಾರೆ. ಅಲ್ಲಿ ಫೇಲಾದ್ರೆ ಆ ಅಂಕ ಇವಳ ಬೆನ್ನು ಬಿಡಲ್ಲ. ಇವಳ ಒಳ್ಳೇದಕ್ಕೇ ಹೇಳ್ತಿದೀನಿ ಅಜ್ಜಿ."

ಮೆಮೇರ್ ಏನೋ ಅಂದಳು.

"ನಮ್ಮಜ್ಜಿ, ನಿಮಗೆ ಧನ್ಯವಾದ ಅಂತಾರೆ ಸರ್," ಅಂದಳು ಕೊಲೆಟ್.

"ನಾನು ಹಾಗನ್ಲಿಲ್ಲ!" ಮುದುಕಿ ಹಿಮ್ಮಡಿಯಿಂದ ನೆಲ ಕುಟ್ಟಿದಳು. "ನಾನಂದದ್ದನ್ನೇ ಹೇಳು. ಒಳ್ಳೇದಕ್ಕೆ ಅಂತ ಹೇಳೋರನ್ನ ನಾನು ಮೊದ್ಲೂ ನೋಡಿದೀನಿ ಅಂತ ಹೇಳು."

ಕೊಲೆಟ್ ಹೇಳಿದಳು. ಅಷ್ಟರಲ್ಲಿ ಮೆಮೇರ್ ಕರವಸ್ತ್ರ ತೆಗೆದು, ಮುಖ ಅತ್ತ ತಿರುಗಿಸಿ, ಮೇಲಿನದೂ ಕೆಳಗಿನದೂ ಎರಡನ್ನೂ ತೆಗೆದು, ಒರೆಸಿ, ಮೇಷ್ಟ್ರ ಮೇಜಿನ ಮೇಲೆ ಉತ್ತರಪತ್ರಿಕೆಗಳ ಪಕ್ಕದಲ್ಲಿಟ್ಟಳು. ಇಪ್ಪತ್ತೆಂಟು ಹಲ್ಲಿನ ಕಥೆ ಹೇಳಿದಳು. ಬೋಳು ಬಾಯಿಯ ಆ ಮಾತನ್ನು ಕೊಲೆಟ್ ತಡವರಿಸುತ್ತ, ಒಂದೂ ಬಿಡದೆ ಇಂಗ್ಲಿಷಿಗೆ ತಂದಳು. "ನನ್ನ ಯಾರೂ ಕೇಳ್ಲಿಲ್ಲ" ಎಂಬುದನ್ನು ಎರಡು ಸಲ ಹೇಳಿದಳು.

ಹ್ಯಾಸ್ಕೆಲ್ ಮೇಷ್ಟ್ರು ಮೇಜಿನ ಮೇಲಿನ ಹಲ್ಲುಗಳನ್ನು ನೋಡಿದರು. ಆಮೇಲೆ ತಲೆಯೆತ್ತಿ ಮುದುಕಿಯನ್ನು ಬಿಟ್ಟು ಹುಡುಗಿಯನ್ನು ನೋಡಿದರು.

"ಕೊಲೆಟ್, ನಿನಗೇನು ಬೇಕು?"

ಹತ್ತು ವರ್ಷದಿಂದ ಮಂಜಿನಲ್ಲೂ ಅಜ್ಜಿಯ ಹತ್ತಿರವೂ ಮಾತ್ರ ಆಡಿದ್ದ ಮಾತನ್ನು ಅವಳು ಒಂದು ಬೆಳಕಿನ ಕೋಣೆಯಲ್ಲಿ, ಹೊರಗಿನವರೊಬ್ಬರ ಮುಂದೆ, ಗಟ್ಟಿಯಾಗಿ ಆಡಿದಳು. "ನಾನು ಹಲ್ಲಿನ ಡಾಕ್ಟರಾಗ್ಬೇಕು ಸರ್. ಇವರಿಗೆ ಅಗಿಯೋಕೆ ಬರೋ ಹಲ್ಲು ಕಟ್ಕೊಡ್ಬೇಕು. ಇವರಿರೋವಾಗ್ಲೇ."

ಮೇಷ್ಟ್ರು ಪೆನ್ನು ತೆಗೆದರು. ಸಹಿ ಹಾಕುವ ಮುಂಚೆ ಒಂದು ಕ್ಷಣ ತಡೆದು, "ಮುಂದಿನ ಸೆಪ್ಟೆಂಬರ್‌ನಲ್ಲಿ ಆಲೂಗಡ್ಡೆ?" ಎಂದರು.

"ಅವಳ ಸಾಲು ನಂದು," ಎಂದಳು ಮೆಮೇರ್, ಹರುಕುಮುರುಕು ಇಂಗ್ಲಿಷಿನಲ್ಲಿ, ತಾನೇ.

ಆ ಬೇಸಿಗೆ ಕಷ್ಟದ್ದಾಗಿತ್ತು. ಜೂನಿನಲ್ಲಿ ಮೂವತ್ತು ಜನ ಶುರುಮಾಡಿದ್ದ ತರಗತಿ ಆಗಸ್ಟಿಗೆ ಹದಿನೇಳಕ್ಕಿಳಿಯಿತು. ಎರಡನೆಯ ವಾರವೇ ಕೊಲೆಟ್ ಬಟ್ಟೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನ ತನಕ ಹೋಗಿ ಹಿಂದಿರುಗಿದ್ದುಂಟು. ಆದರೆ ಪ್ರಯೋಗಶಾಲೆಯಲ್ಲಿ ಅವಳಿಗೆ ಒಂದು ವಿಚಿತ್ರ ತಿಳಿಯಿತು. ಉದ್ದ ಗಾಜಿನ ಕೊಳವೆಯಿಂದ ಹನಿ ಹನಿಯಾಗಿ ಬಿಡುತ್ತ, ಕೆಳಗಿನ ನೀರು ಗುಲಾಬಿಯಾಗುವ ಒಂದೇ ಒಂದು ಹನಿಗಾಗಿ ಕಾಯುವ ಕೆಲಸ. ಚುರುಕು ಹುಡುಗರೆಲ್ಲ ಆತುರಪಟ್ಟು ಕೆಡಿಸುತ್ತಿದ್ದರು. ಕೊಲೆಟ್ ಕಾಯುತ್ತಿದ್ದಳು. ಕಾಯುವುದು, ನೋಡುವುದು, ರೆಪ್ಪೆ ಬಡಿಯದೆ ನಿಂತಿರುವುದು ಅವಳಿಗೆ ಹುಟ್ಟಿನಿಂದಲೇ ಬಂದದ್ದು. ಒಂದೇ ಹನಿ ಬೀಳುತ್ತಿತ್ತು, ಬೆಳಗಿನ ಆಕಾಶದ ಬಣ್ಣ ಹರಡುತ್ತಿತ್ತು. ಜನ್ಮವಿಡೀ ಬೈಸಿಕೊಂಡ ಗುಣವೊಂದು ಅಲ್ಲಿ ಅವಳನ್ನು ಪಾಸು ಮಾಡಿಸಿತು.

ಮುಂದಿನದನ್ನು ಉದ್ದಕ್ಕೆ ಹೇಳುವುದಿಲ್ಲ. ತೊಂಬತ್ತೈದರಲ್ಲಿ ಆರ್ಗ್ಯಾನಿಕ್ ಬಂದಾಗ ಅವಳು ಮೂರನೆಯ ಸಾಲಿನಲ್ಲಿ ಕೂತಿದ್ದಳು. ಹೊಲದಲ್ಲಿ ಅವಳ ಸಾಲನ್ನು ಅರುವತ್ತೈದರ ಮುದುಕಿ ಆಯುತ್ತಿದ್ದಳು. ಕೊಲೆಟ್ ಭೌತಶಾಸ್ತ್ರದಲ್ಲಿ ಎಡವಿದಳು, ಎದ್ದಳು. ಪ್ರವೇಶ ಪರೀಕ್ಷೆ ಎರಡು ಸಲ ಬರೆದಳು. ನಮ್ಮ ರಾಜ್ಯದಲ್ಲಿ ಆಗ ದಂತ ಕಾಲೇಜೇ ಇರಲಿಲ್ಲ, ತೊಂಬತ್ತೆಂಟರಲ್ಲಿ ಬಾಸ್ಟನ್ನಿಗೆ ಹೋದಳು. ಅಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿಗಳು ಒಬ್ಬ ರೋಗಿಗೆ ಪೂರಾ ಸೆಟ್ಟು ಕಟ್ಟಿ, ಅಂಕ ಪಡೆಯಬೇಕು. ರೋಗಿಯನ್ನು ಆಸ್ಪತ್ರೆಯೇ ಒದಗಿಸುತ್ತದೆ. ಕೊಲೆಟ್ ತನ್ನ ರೋಗಿಯನ್ನು ತಾನೇ ಕರೆಸಿಕೊಂಡಳು.

ಎರಡು ಸಾವಿರದ ಒಂದರ ಮಾರ್ಚಿನಲ್ಲಿ ಮೆಮೇರ್ ಇಡೀ ಒಂದು ಹಗಲು ಬಸ್ಸಿನಲ್ಲಿ ಕೂತು ಬಾಸ್ಟನ್ನಿಗೆ ಬಂದಿಳಿದಳು. ಎಪ್ಪತ್ತು ತುಂಬಿತ್ತು, ಹೃದಯಕ್ಕೆ ಮಾತ್ರೆ ನಡೆದಿತ್ತು. ಮೊಮ್ಮಗಳ ಬಾಡಿಗೆ ಕೋಣೆಯಲ್ಲಿ ಮೂರು ವಾರ ಉಳಿದಳು. ಅಚ್ಚು ತೆಗೆಯುವ ದಿನ ಕೊಲೆಟ್ ಮೊದಲ ಸಲ ಅಜ್ಜಿಯ ಕೆಳದವಡೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಮೂಳೆ ತೆಳ್ಳಗೆ ತಂತಿಯಂತಿತ್ತು. ಎಷ್ಟು ಚೆನ್ನಾಗಿ ಕಟ್ಟಿದರೂ ಪೂರಾ ನಿಲ್ಲುವ ಸೆಟ್ಟನ್ನು ಈ ದವಡೆಗೆ ಯಾರೂ ಕಟ್ಟಲಾರರು ಎಂಬುದು ಓದಿದವಳಿಗೆ ಗೊತ್ತಾಯಿತು. ಅವಳು ಮುಚ್ಚಿಡಲಿಲ್ಲ, ಹೇಳಿದಳು.

"ಸೇಬು ಕಚ್ಚೋಕಾಗಲ್ಲ ಮೆಮೇರ್. ಬೇಯಿಸಿದ ಮಾಂಸ, ರೊಟ್ಟಿ, ಇಷ್ಟು ಆಗ್ಬೋದು. ನಾನಂದಷ್ಟು ಆಗಲ್ಲ."

"ರೊಟ್ಟಿಯ ಅಂಚು?"

"ಅಂಚು ಆಗುತ್ತೆ."

"ಸಾಕು ಬಿಡು. ಆದ್ರೆ ತೀರಾ ಬಿಳೀದು ಹಾಕ್ಬೇಡ. ಇಗರ್ಜೀಲಿ ನನ್ನ ಟಿವಿಯೋರು ಅಂದ್ಕೋತಾರೆ."

ಮೇಣದಲ್ಲಿ ಹಲ್ಲು ಕೂರಿಸಿ ಹೊಂದಿಸಿ ನೋಡುವ ದಿನ, ಕುರ್ಚಿಯಲ್ಲಿ ಕೂತ ಮೇಲೆ, ಮೆಮೇರ್ ಕೈಚೀಲದ ಒಳಪದರದಿಂದ ಒಂದು ಚಿಕ್ಕ ಫೋಟೋ ತೆಗೆದಳು. ಮನೆಯಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ಹದಿನೇಳರ ಹುಡುಗಿ, ಗಾಳಿಗೆ ಹಾರಿದ ಕೂದಲು, ಯಾರೋ ಏನೋ ಅಂದದ್ದಕ್ಕೆ ಬಾಯಿ ತುಂಬ ನಗುತ್ತಿದ್ದಾಳೆ. ಮುಂದಿನ ಎರಡು ಹಲ್ಲಿನಲ್ಲಿ ಎಡಗಡೆಯದು ಪಕ್ಕದ್ದರ ಮೇಲೆ ಒಂದಿಷ್ಟು ಹತ್ತಿ ಕೂತಿದೆ.

"ನಿನ್ನ ತಾತನಿಗೂ ತೋರಿಸಿಲ್ಲ," ಎಂದಳು. "ನೋಡಿ ಏನ್ಮಾಡ್ತಾನೆ, ಪಾಪ."

ಕೊಲೆಟ್ ಫೋಟೋವನ್ನು ದೀಪದ ಕೆಳಗಿಟ್ಟಳು. ಚಿಕ್ಕ ಚಾಕುವಿನ ತುದಿ ಕಾಯಿಸಿ ಮೇಣ ಕರಗಿಸಿ, ನೆಟ್ಟಗೆ ಕೂರಿಸಿದ್ದ ಎಡಗಡೆಯ ಹಲ್ಲನ್ನು ಕೂದಲೆಳೆಯಷ್ಟು ತಿರುಗಿಸಿದಳು. ನೋಡಿದಳು. ಇನ್ನೊಂದು ಕೂದಲೆಳೆ. ಹೊತ್ತು ಹೋದದ್ದು ಅವಳಿಗೆ ಗೊತ್ತಾಗಲಿಲ್ಲ. ಮೇಲ್ವಿಚಾರಣೆಯ ಮೇಡಂ ಬಂದು ಬಗ್ಗಿ ನೋಡಿ, "ಇದೇನು ಸೊಟ್ಟಗಿದೆ? ಸಾಲು ಸರಿಯಿಲ್ಲ. ಹೀಗೇ ಬಿಟ್ರೆ ಅಂಕ ಹೋಗುತ್ತೆ," ಎಂದರು.

ಏಳು ವರ್ಷದಿಂದ ಒಂದೊಂದು ಅಂಕಕ್ಕೂ ಜೀವ ತೇಯ್ದಿದ್ದವಳು ತಲೆಯೆತ್ತದೆ, "ಹೋಗ್ಲಿ ಮೇಡಂ," ಅಂದಳು.

ಹಲ್ಲುಗಳನ್ನು ಬಾಯಿಗಿಟ್ಟು, ಮೆಲ್ಲಗೆ ಒತ್ತಿ ಕೂರಿಸಿ, ಕೈಗೆ ಕನ್ನಡಿ ಕೊಟ್ಟಳು. ಮೆಮೇರ್ ಮೊದಲು ತುಟಿ ಮುಚ್ಚಿಯೇ ನೋಡಿದಳು. ಆಮೇಲೆ ಒಂದಿಷ್ಟು ತೆರೆದಳು. ಆಮೇಲೆ, ಐವತ್ತೆರಡು ವರ್ಷದ ಮೇಲೆ, ಬಾಯಿ ತುಂಬ ನಕ್ಕಳು. ಕನ್ನಡಿಯಲ್ಲಿ ಕಂಡವಳನ್ನು ದಿಟ್ಟಿಸಿ ನೋಡಿದಳು. ಕೊಲೆಟ್ ಕನ್ನಡಿಯ ಇನ್ನೊಂದು ಅಂಚು ಹಿಡಿದುಕೊಂಡಳು.

"ಎಲ್ಲಿಗೆ ಹೋಗಿದ್ಯೇ," ಎಂದು ಮುದುಕಿ ಕನ್ನಡಿಯನ್ನು ಕೇಳಿದಳು, "ಇಷ್ಟು ವರ್ಷ?"